ಬಟ್ಟಲು ತುಂಬಿದೆ, ಹಕ್ಕಿ ಹಸಿದಿದೆ

ಬಣ್ಣಬಣ್ಣದ ಪುಟ್ಟ ಹಕ್ಕಿಗಳ ಜೋಡಿಯೊಂದನ್ನು ಮನೆಯ ಪಡಸಾಲೆಯಲ್ಲಿ ಸಾಕುವ ಹವ್ಯಾಸ ಈಗ ದೊಡ್ಡ ಶಹರಗಳ ಸೊತ್ತಾಗಿ ಉಳಿದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದ ಮಗನಿಗೆ ಬಹುಮಾನವೆಂದೋ, ಒಂಟಿಯಾಗಿ ಬೆಳೆಯುತ್ತಿರುವ ಮಗಳಿಗೆ ಜೊತೆಯೆಂದೋ ಪಾಲಕರು ಪಂಜರವೊಂದನ್ನು ಕೊಂಡು ತರುತ್ತಾರೆ. ಅಂಗಡಿಯವನು ಹಕ್ಕಿಯ ಜೊತೆಗೆ ಒಂದು ಪೊಟ್ಟಣ ಕಾಳನ್ನೂ ಕೊಟ್ಟು, 'ಇದೊಂದೇ ಸಾಕು, ಬಟ್ಟಲು ಖಾಲಿಯಾಗದಂತೆ ನೋಡಿಕೊಳ್ಳಿ' ಎಂದು ಹೇಳಿ ಕಳಿಸುತ್ತಾನೆ. ಮನೆಯವರು ಆ ಮಾತನ್ನು ಅಕ್ಷರಶಃ ಪಾಲಿಸುತ್ತಾರೆ. ಆದರೂ ಕೆಲವು ತಿಂಗಳಲ್ಲಿ ಹಕ್ಕಿ ಮಂಕಾಗುತ್ತದೆ, ಗರಿ ಕೆದರಿಕೊಂಡು ಕೂರುತ್ತದೆ. ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿರುತ್ತದೆ. ಮಗು ಅಳುತ್ತದೆ. 'ಅದರ ಆಯುಷ್ಯ ಅಷ್ಟೇ ಇತ್ತು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಅದರ ಆಯುಷ್ಯ ಅಷ್ಟೇ ಅಲ್ಲ. ಸರಿಯಾದ ಆರೈಕೆ ದೊರೆತರೆ ಈ ಹಕ್ಕಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಅದಕ್ಕೂ ಹೆಚ್ಚು ಬಾಳಿದವೂ ಉಂಟು. ಅಂದರೆ ಐದನೆಯ ತರಗತಿಯ ವಿದ್ಯಾರ್ಥಿ ತಂದ ಹಕ್ಕಿ ಆತ ಕಾಲೇಜು ಮೆಟ್ಟಿಲು ಹತ್ತುವವರೆಗೂ ಜೊತೆಗಿರಬಲ್ಲದು. ಈ ಅವಧಿ ಕಡಿಮೆಯಾಗುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಅದರ ಬಟ್ಟಲಿನಲ್ಲಿಯೇ ಇರುತ್ತದೆ.

ಲವ್ ಬರ್ಡ್ ಅಲ್ಲದ 'ಲವ್ ಬರ್ಡ್'

ಮೊದಲು ಹೆಸರಿನ ಗೊಂದಲ ಬಗೆಹರಿಯಬೇಕು. ಜನ 'ಲವ್ ಬರ್ಡ್ಸ್' ಎಂದು ಕರೆಯುವ, ಹಸಿರು, ನೀಲಿ, ಹಳದಿ ಬಣ್ಣದ, ಉದ್ದ ಬಾಲದ, ರೆಕ್ಕೆಯ ಮೇಲೆ ಅಲೆಅಲೆಯಾದ ಕಪ್ಪು ಗೆರೆಗಳಿರುವ ಹಕ್ಕಿಯ ನಿಜವಾದ ಹೆಸರು ಬಜರಿಗಾರ್. ಮುದ್ದಿನ ಹೆಸರು ಬಜಿ. ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡದ್ದು. ಮೋಟು ಬಾಲದ, ದಪ್ಪ ಕೊಕ್ಕಿನ ಬೇರೆಯೇ ಜಾತಿಯ ಗಿಳಿ ಅದು. ಬಜಿಯ ತವರು ಆಸ್ಟ್ರೇಲಿಯದ ಒಣ ಬಯಲು. 1805ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಬಜಿಗಳನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಮುಂದೆ ಇದು ಜಗತ್ತಿನ ಮನೆಮನೆಯ ಹಕ್ಕಿಯಾಯಿತು.

ತವರಿನಲ್ಲಿ ಬಜಿಗಳು ಹಿಂಡುಹಿಂಡಾಗಿ ಅಲೆಯುತ್ತವೆ. ಎಲ್ಲಿ ಮಳೆ ಬಿದ್ದು ಹುಲ್ಲು ತೆನೆಗಟ್ಟಿದೆಯೋ ಅಲ್ಲಿಗೆ ಹಾರುತ್ತವೆ. ನೆಲದ ಮೇಲೆ ಓಡಾಡುತ್ತ ಹುಲ್ಲಿನ ಸಣ್ಣ ಬೀಜಗಳನ್ನು ಹೆಕ್ಕುತ್ತವೆ. ಒಂದೇ ಹುಲ್ಲಲ್ಲ, ಹಲವು ಬಗೆಯ ಹುಲ್ಲು. ಒಣಗಿದ ಬೀಜವಷ್ಟೇ ಅಲ್ಲ, ಹಾಲುಗಾಳೂ ಹೌದು. ಈ ಆಹಾರಕ್ಕಾಗಿ ಅವು ಬಹುದೂರ ಹಾರಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಂಜರದ ಹಕ್ಕಿಯ ತೊಂದರೆ ತಾನಾಗಿಯೇ ತಿಳಿಯುತ್ತದೆ. ಮೈಲಿಗಟ್ಟಲೆ ಹಾರಬೇಕಾದ ಹಕ್ಕಿ ಒಂದಡಿ ಜಾಗದಲ್ಲಿ ಕುಳಿತಿದೆ. ಹತ್ತು ಬಗೆಯ ಬೀಜ ತಿನ್ನಬೇಕಾದದ್ದು ಒಂದೇ ಬಗೆಯ ಒಣಕಾಳನ್ನು ವರ್ಷವಿಡೀ ತಿನ್ನುತ್ತಿದೆ.

ಸೀಮೆಯಲ್ಲಿಯೇ ಇರುವ ಕಾಳು

ಈ ವಿಷಯದಲ್ಲಿ ರಾಯಚೂರು ಜಿಲ್ಲೆಯ ಮಕ್ಕಳು ಅದೃಷ್ಟವಂತರು. ಹುಲ್ಲಿನ ಜಾತಿಯ ಸಣ್ಣ ಕಾಳುಗಳು ಎಂದರೆ ಸಿರಿಧಾನ್ಯಗಳೇ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇವುಗಳ ಹೆಸರು ಎಲ್ಲೆಡೆ ಕೇಳಿಬಂತು; ಆದರೆ ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಹೊಲಗಳಿಗೆ ಸಜ್ಜೆ, ನವಣೆಗಳೇನೂ ಹೊಸಬರಲ್ಲ. ವಿದೇಶಗಳಲ್ಲಿ ಬಜಿಗಳಿಗೆಂದು ವಿಶೇಷವಾಗಿ ಮಾರುವ 'ಮಿಲೆಟ್ ಸ್ಪ್ರೇ' ಎಂಬ ತಿನಿಸು ನವಣೆಯ ಒಣಗಿದ ತೆನೆಯೇ ಹೊರತು ಬೇರೇನಲ್ಲ. ಅಜ್ಜನ ಹೊಲದಲ್ಲಿ ನವಣೆ ಇದ್ದರೆ ನಾಲ್ಕು ತೆನೆ ಕಟ್ಟಿ ತಂದು ಪಂಜರಕ್ಕೆ ತೂಗುಹಾಕಬಹುದು. ಹಕ್ಕಿಗೆ ಊಟವೂ ಆಯಿತು, ಆಟವೂ ಆಯಿತು.

ನವಣೆ, ಬರಗು, ಸಾಮೆ, ಸಜ್ಜೆ, ರಾಗಿ ಇವಿಷ್ಟೂ ಬಜಿಗೆ ಒಗ್ಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಸಿಂಧನೂರಿನಲ್ಲಿ ಸಿಪ್ಪೆಸಹಿತವಾದ ಭತ್ತವನ್ನೂ ಸ್ವಲ್ಪ ಸೇರಿಸಬಹುದು. ಆದರೆ ಒಂದು ಎಚ್ಚರಿಕೆ. ಕಿರಾಣಿ ಅಂಗಡಿಯಲ್ಲಿ ಸಿಗುವ ನವಣೆ ಅಕ್ಕಿ, ಸಾಮೆ ಅಕ್ಕಿ ಎಂಬವು ಮನುಷ್ಯರ ಅಡಿಗೆಗೆಂದು ಸಿಪ್ಪೆ ತೆಗೆದಂಥವು. ಹಕ್ಕಿಗೆ ಬೇಕಾದದ್ದು ಸಿಪ್ಪೆ ಇರುವ ಇಡೀ ಕಾಳು. ಸಿಪ್ಪೆಯೊಳಗಿನ ಕಾಳು ಬೇಗ ಕೆಡುವುದಿಲ್ಲ. ಅದನ್ನು ಸುಲಿಯುವ ಕೆಲಸ ಹಕ್ಕಿಗೆ ಹೊತ್ತು ಕಳೆಯುವ ದಾರಿಯೂ ಹೌದು.

ಇದೇ ಸೀಮೆಯ ಇನ್ನೊಂದು ಗುಂಪಿನ ಬೆಳೆಗಳ ಬಗ್ಗೆ ಮಾತ್ರ ಕೈ ಬಿಗಿಹಿಡಿಯಬೇಕು. ಸೂರ್ಯಕಾಂತಿ, ಕುಸುಬಿ, ಸೇಂಗಾ ಇವು ಎಣ್ಣೆಕಾಳುಗಳು. ನವಣೆ, ಸಜ್ಜೆಯಲ್ಲಿ ಕೊಬ್ಬಿನ ಅಂಶ 100 ಗ್ರಾಮಿಗೆ ಸುಮಾರು 4–5 ಗ್ರಾಮ್ ಇದ್ದರೆ, ಸೂರ್ಯಕಾಂತಿಯ ತಿರುಳಿನಲ್ಲಿ ಸುಮಾರು 50 ಗ್ರಾಮ್ ಇರುತ್ತದೆ. ಹಕ್ಕಿ ಇದನ್ನೇ ಆರಿಸಿ ಆರಿಸಿ ತಿನ್ನುತ್ತದೆ. ಮಕ್ಕಳು ಊಟ ಬಿಟ್ಟು ಭಜಿ ಬೇಡಿದಂತೆ. ಹಾರಾಟವಿಲ್ಲದ ಮೈಯಲ್ಲಿ ಆ ಕೊಬ್ಬು ಎದೆಯ ಮೇಲೆ, ಹೊಟ್ಟೆಯಲ್ಲಿ, ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುತ್ತದೆ. ಬಜಿಗಳಲ್ಲಿ ಬೊಜ್ಜು, ಕೊಬ್ಬಿನ ಗಂಟು, ಪಿತ್ತಜನಕಾಂಗದ ಕಾಯಿಲೆಗಳು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಸೂರ್ಯಕಾಂತಿಯನ್ನು ಕೈಮೇಲೆ ಬಂದು ಕೂತದ್ದಕ್ಕೆ ಕೊಡುವ ಬಹುಮಾನವಾಗಿ ಒಂದೆರಡು ಕಾಳು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಸೇಂಗಾ ಬೇಡವೇ ಬೇಡ. ಹಳೆಯ, ತೇವ ತಗುಲಿದ ಸೇಂಗಾದಲ್ಲಿ ಬೆಳೆಯುವ ಬೂಷ್ಟಿನ ವಿಷ ಹಕ್ಕಿಯ ಪಿತ್ತಜನಕಾಂಗಕ್ಕೆ ಬಹು ಬೇಗ ತಟ್ಟುತ್ತದೆ.

ಕಾಳು ಮಾತ್ರ ಏಕೆ ಸಾಲದು?

ಕಾಳಿನಲ್ಲಿ ಶಕ್ತಿ ಇದೆ, ಸ್ವಲ್ಪ ಪ್ರೋಟೀನ್ ಇದೆ. ಇಲ್ಲದಿರುವುದು ಮುಖ್ಯವಾಗಿ ಮೂರು: 'ಎ' ಜೀವಸತ್ವ, ಕ್ಯಾಲ್ಸಿಯಂ ಮತ್ತು ಅಯೋಡಿನ್. ವಿಜ್ಞಾನದ ಪಾಠದಲ್ಲಿ ಕೊರತೆಯ ರೋಗಗಳ ಪಟ್ಟಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಅದೇ ಪಟ್ಟಿಯನ್ನು ಪಂಜರದಲ್ಲಿಯೂ ಕಾಣಬಹುದು.

'ಎ' ಜೀವಸತ್ವ ಕಡಿಮೆಯಾದರೆ ಬಾಯಿ, ಮೂಗು, ಶ್ವಾಸನಾಳಗಳ ಒಳಪದರ ದಡ್ಡುಗಟ್ಟುತ್ತದೆ. ಅಲ್ಲಿ ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಮೂಗಿನಿಂದ ಸೋರುವುದು, ಸೀನು, ಕಣ್ಣಿನ ಸುತ್ತ ಊತ ಇದರ ಗುರುತುಗಳಾಗಿರಬಹುದು.

ಕ್ಯಾಲ್ಸಿಯಂ ಕೊರತೆ ಹೆಣ್ಣು ಹಕ್ಕಿಗೆ ಹೆಚ್ಚು ಅಪಾಯಕಾರಿ. ಮೊಟ್ಟೆಯ ಚಿಪ್ಪು ಕಟ್ಟಲು ಅದು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಅಲ್ಲಿಯೂ ಸಾಲದೆ ಹೋದಾಗ ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುವ ಸ್ಥಿತಿ. ಕಾಳಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದಷ್ಟೇ ಅಲ್ಲ, ರಂಜಕ ಹೆಚ್ಚಿರುತ್ತದೆ. ಅದು ಇದ್ದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತದಂತೆ ಮಾಡುತ್ತದೆ. ಧಾನ್ಯಗಳ ಪೈಕಿ ರಾಗಿಯೊಂದು ಇದಕ್ಕೆ ಅಪವಾದ: 100 ಗ್ರಾಮ್ ರಾಗಿಯಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಮಿಗೂ ಹೆಚ್ಚು. ನವಣೆ, ಸಜ್ಜೆಗಳಲ್ಲಿ ಅದರ ಕಾಲು ಪಾಲೂ ಇಲ್ಲ.

ಅಯೋಡಿನ್ ಕೊರತೆಯಿಂದ ಮನುಷ್ಯರಿಗೆ ಗಳಗಂಡ ಬರುವಂತೆ ಬಜಿಗೂ ಬರುತ್ತದೆ. ಆದರೆ ಹಕ್ಕಿಯಲ್ಲಿ ಥೈರಾಯ್ಡ್ ಗ್ರಂಥಿ ಎದೆಗೂಡಿನ ಒಳಗಿರುವುದರಿಂದ ಊತ ಹೊರಗೆ ಕಾಣುವುದಿಲ್ಲ. ಒಳಗೆ ಶ್ವಾಸನಾಳವನ್ನು, ಅನ್ನನಾಳವನ್ನು ಒತ್ತುತ್ತದೆ. ಉಸಿರಾಡುವಾಗ ಕಿರುಗುಟ್ಟುವ ಸಪ್ಪಳ ಬರುತ್ತದೆ, ತಿಂದದ್ದು ಮರಳಿ ಬಾಯಿಗೆ ಬರುತ್ತದೆ. 'ಹೊಸ ರಾಗ ಕಲಿತಿದೆ' ಎಂದು ಮನೆಯವರು ಸಂತೋಷಪಡುವ ಸಪ್ಪಳ ಈ ರೋಗದ ಸಪ್ಪಳವೂ ಆಗಿರಬಹುದು.

ಅಡಿಗೆಮನೆಯ ಮದ್ದು

ಈ ಕೊರತೆಗಳ ಬಹುಪಾಲು ಪರಿಹಾರ ಸಂತೆಯ ಕಾಯಿಪಲ್ಯದ ಬುಟ್ಟಿಯಲ್ಲಿದೆ. ನುಗ್ಗೆಯ ತಪ್ಪಲು ಇವುಗಳಲ್ಲಿ ಮೊದಲನೆಯದು. ಕ್ಯಾಲ್ಸಿಯಂ ಇದೆ, 'ಎ' ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೊಟಿನ್ ಇದೆ, ಹಿತ್ತಲಲ್ಲಿ ಗಿಡವಿದ್ದರೆ ಖರ್ಚೂ ಇಲ್ಲ. ಕೊತ್ತಂಬರಿ, ಮೆಂತೆ ಪಲ್ಯ, ತುರಿದ ಗಜ್ಜರಿ, ಕೆಂಪು ಡೊಣಮೆಣಸಿನಕಾಯಿ, ಬೇಯಿಸಿದ ಕುಂಬಳಕಾಯಿ ಇವೂ ಒಳ್ಳೆಯವು. ಗಾಢ ಹಸಿರು ಮತ್ತು ಕಿತ್ತಳೆ ಬಣ್ಣವನ್ನು ನೆನಪಿಟ್ಟುಕೊಂಡರೆ ಸಾಕು, ಆಯ್ಕೆ ತಪ್ಪುವುದಿಲ್ಲ. ಸವತೆಕಾಯಿಯಲ್ಲಿ ಸತ್ವ ಕಡಿಮೆಯಾದರೂ ಬೇಸಿಗೆಯಲ್ಲಿ ತಂಪು. ಪಾಲಕ, ಪುಂಡಿ ಪಲ್ಯ, ರಾಜಗಿರಿಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಹತ್ತುವುದನ್ನು ತಡೆಯುತ್ತದೆ. ಆದ್ದರಿಂದ ಅವುಗಳನ್ನು ಅಪರೂಪಕ್ಕೆ ಮಾತ್ರ ಕೊಡಬೇಕು. ಹಣ್ಣಿನಲ್ಲಿ ಪೇರಲ, ಪಪ್ಪಾಯಿ, ಬೀಜ ತೆಗೆದ ಸೇಬು, ನಾಲ್ಕು ದಾಳಿಂಬೆ ಕಾಳು ವಾರಕ್ಕೆ ಎರಡು ಮೂರು ಸಲ, ಉಗುರಿನಷ್ಟು. ಹಣ್ಣಿನ ಸಕ್ಕರೆ ಹೆಚ್ಚಾಗಬಾರದು.

ಕ್ಯಾಲ್ಸಿಯಮ್ಮಿಗಾಗಿ ಸಮುದ್ರ ನೊರೆ ಎಂದು ಕರೆಯುವ ಬಿಳಿಯ ಚಪ್ಪಟೆ ತುಂಡೊಂದನ್ನು ಪಂಜರಕ್ಕೆ ಕಟ್ಟಬೇಕು. ಹೆಸರು ನೊರೆಯಾದರೂ ಇದು ಕಟ್ಲ್‌ಫಿಶ್ ಎಂಬ ಕಡಲ ಜೀವಿಯ ಒಳಚಿಪ್ಪು. ಹಕ್ಕಿ ತನಗೆ ಬೇಕಾದಾಗ ಕೊಕ್ಕಿನಿಂದ ಕೆರೆದು ತಿನ್ನುತ್ತದೆ. ಅಯೋಡಿನ್ ಸೇರಿಸಿದ ಖನಿಜದ ತುಂಡು ಹಕ್ಕಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಅದೂ ಇರಲಿ. ಅಡಿಗೆ ಉಪ್ಪಿನಲ್ಲಿ ಅಯೋಡಿನ್ ಇದೆಯಲ್ಲ ಎಂದು ಅದನ್ನು ನೀರಿಗೆ ಹಾಕುವ ಸಾಹಸ ಯಾರೂ ಮಾಡಬಾರದು. ಮನುಷ್ಯರ ಲೆಕ್ಕದ ಚಿಟಿಕೆ ಉಪ್ಪು 35 ಗ್ರಾಮ್ ತೂಕದ ಜೀವಕ್ಕೆ ವಿಷ. ಮೊಟ್ಟೆ ಬಳಸುವ ಮನೆಯಾದರೆ ವಾರಕ್ಕೊಮ್ಮೆ ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆ ಕೊಡಬಹುದು. ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಇದು ಬಹಳ ಉಪಯುಕ್ತ.

ಎಲ್ಲ ಪೋಷಕಾಂಶಗಳನ್ನೂ ಲೆಕ್ಕ ಹಾಕಿ ಬೆರೆಸಿ ತಯಾರಿಸಿದ 'ಪೆಲೆಟ್' ಎಂಬ ಸಿದ್ಧ ಆಹಾರವೂ ಉಂಟು. ಅನೇಕ ಪಕ್ಷಿವೈದ್ಯರು ಆಹಾರದ ಗಣನೀಯ ಪಾಲು ಇದೇ ಇರಲಿ ಎನ್ನುತ್ತಾರೆ. ಕೊಳ್ಳುವುದಾದರೆ ಬಜಿಗೆ ತಕ್ಕ ಸಣ್ಣ ಗಾತ್ರದ, ಬಣ್ಣ ಹಾಕದ ಪೆಲೆಟ್ ಆರಿಸಬೇಕು. ಅದು ದುಬಾರಿ ಎನಿಸಿದವರು ನಿರಾಶರಾಗಬೇಕಿಲ್ಲ. ನಾಲ್ಕೈದು ಬಗೆಯ ಸಿರಿಧಾನ್ಯ, ಪ್ರತಿದಿನ ತಪ್ಪಲು, ಸಮುದ್ರ ನೊರೆ, ಅಯೋಡಿನ್ ಇರುವ ಖನಿಜದ ತುಂಡು ಇಷ್ಟನ್ನು ನಿಷ್ಠೆಯಿಂದ ಕೊಟ್ಟರೂ ಬರಿಯ ಒಣಕಾಳಿಗಿಂತ ಎಷ್ಟೋ ಮೇಲು. ಜೀವಸತ್ವದ ಹನಿಗಳನ್ನು ಕುಡಿಯುವ ನೀರಿಗೆ ಬೆರೆಸುವ ರೂಢಿ ಮಾತ್ರ ಒಳ್ಳೆಯದಲ್ಲ. ನೀರಿನಲ್ಲಿ ಅವು ಬೇಗ ಸತ್ವ ಕಳೆದುಕೊಳ್ಳುತ್ತವೆ, ರೋಗಾಣುಗಳು ಬೆಳೆಯುತ್ತವೆ, ರುಚಿ ಬದಲಾಯಿತೆಂದು ಹಕ್ಕಿ ನೀರನ್ನೇ ಬಿಡಬಹುದು.

ತೂರದ ಬಟ್ಟಲಿನ ಮೋಸ

ಹಬ್ಬಕ್ಕೋ, ಜಾತ್ರೆಗೋ ಎರಡು ದಿನ ಊರಿಗೆ ಹೊರಟ ಕುಟುಂಬವೊಂದನ್ನು ಊಹಿಸಿಕೊಳ್ಳಿ. ನೆರೆಮನೆಯ ಅಜ್ಜಿಗೆ ಹಕ್ಕಿಯನ್ನು ಒಪ್ಪಿಸಿದ್ದಾರೆ. ಮರಳಿ ಬಂದಾಗ ಹಕ್ಕಿ ನಿತ್ರಾಣವಾಗಿದೆ. 'ಯಾಕ ಆಯಿ, ಕಾಳು ಹಾಕಲಿಲ್ಲೇನು?' ಎಂದು ಹುಡುಗ ಕೇಳಿದರೆ, 'ಹಾಕೋದೇನು ಬಂತಪ್ಪಾ, ಬಟ್ಟಲಾ ತುಂಬೇ ಇತ್ತಲ್ಲ, ಒಂದು ಕಾಳೂ ಕಮ್ಮಿ ಆಗಿದ್ದಿಲ್ಲ' ಎನ್ನುತ್ತಾಳೆ ಆ ಹಿರಿಯಳು. ಆಕೆ ಸುಳ್ಳು ಹೇಳಿಲ್ಲ. ಬಟ್ಟಲು ತುಂಬಿಯೇ ಇತ್ತು, ಆದರೆ ತುಂಬಿದ್ದದ್ದು ಹೊಟ್ಟು.

ಬಜಿ ಕಾಳನ್ನು ನುಂಗುವ ಮೊದಲು ಕೊಕ್ಕಿನಲ್ಲಿ ಸಿಪ್ಪೆ ಬಿಡಿಸುತ್ತದೆ. ತಿರುಳು ಹೊಟ್ಟೆಗೆ ಹೋಗುತ್ತದೆ, ಖಾಲಿ ಸಿಪ್ಪೆ ಬಟ್ಟಲಿಗೇ ಬೀಳುತ್ತದೆ. ನಾಲ್ಕು ಹೆಜ್ಜೆ ದೂರದಿಂದ ನೋಡಿದವರಿಗೆ ಕಾಳಿಗೂ ಹೊಟ್ಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಸಾಕಿದ ಬಜಿಗಳು ತುಂಬಿದ ಬಟ್ಟಲಿನ ಮುಂದೆಯೇ ಹಸಿವಿನಿಂದ ಸಾಯುವುದು ಹೀಗೆ. ಇಷ್ಟು ಸಣ್ಣ ಮೈಗೆ ಉಪವಾಸ ತಡೆಯುವ ಶಕ್ತಿಯಿಲ್ಲ. ಒಂದೆರಡು ದಿನದಲ್ಲಿಯೇ ಪ್ರಾಣಕ್ಕೆ ಅಪಾಯ.

ಪರಿಹಾರ ಒಕ್ಕಲಿಗರ ಮಕ್ಕಳಿಗೆ ಹೇಳಿಕೊಡಬೇಕಾದದ್ದಲ್ಲ. ಕಣದಲ್ಲಿ ರಾಶಿ ತೂರುವಂತೆ ಪ್ರತಿದಿನ ಬೆಳಿಗ್ಗೆ ಬಟ್ಟಲನ್ನು ಹೊರಗೆ ಒಯ್ದು ಮೆಲ್ಲಗೆ ಊದಬೇಕು. ಹೊಟ್ಟು ಹಾರಿಹೋಗುತ್ತದೆ, ಉಳಿದ ಕಾಳೆಷ್ಟೆಂಬುದು ಕಣ್ಣಿಗೆ ಕಾಣುತ್ತದೆ. ಒಂದು ಹಕ್ಕಿಗೆ ದಿನಕ್ಕೆ ಒಂದೂವರೆ ಚಹಾ ಚಮಚೆಯಷ್ಟು ಕಾಳು ಸಾಕು. ಬಟ್ಟಲು ಸದಾ ತುಂಬಿ ತುಳುಕಿದರೆ ಹಕ್ಕಿ ತನಗೆ ರುಚಿಯಾದ ಕಾಳನ್ನಷ್ಟೇ ಆರಿಸುತ್ತದೆ, ಉಳಿದುದನ್ನು ಚೆಲ್ಲುತ್ತದೆ. ಅಳತೆಯಲ್ಲಿ ಕೊಟ್ಟರೆ ಎಲ್ಲವನ್ನೂ ತಿನ್ನುತ್ತದೆ.

ಕಾಳನ್ನು ಅರೆಯಲು ಮರಳು, ಹರಳು ಬೇಕೆಂಬ ನಂಬಿಕೆಯೂ ಇದೆ. ಕಾಳನ್ನು ಸಿಪ್ಪೆಸಹಿತ ನುಂಗುವ ಕೋಳಿ, ಪಾರಿವಾಳಗಳಿಗೆ ಅದು ಬೇಕು. ಸಿಪ್ಪೆ ಬಿಡಿಸಿ ತಿನ್ನುವ ಬಜಿಗೆ ಅದರ ಅಗತ್ಯವಿಲ್ಲ. ಕಾಯಿಲೆಯ ಹಕ್ಕಿ ಮರಳನ್ನು ಅತಿಯಾಗಿ ತಿಂದು ಕರುಳು ಕಟ್ಟಿಕೊಂಡ ಉದಾಹರಣೆಗಳಿವೆ.

ಬಿತ್ತುವ ಬೀಜ ತಿನ್ನುವ ಕಾಳಲ್ಲ

ಕೃಷಿಯ ಸೀಮೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು ಇದು. ಬಿತ್ತನೆ ಮುಗಿದ ಮೇಲೆ ಚೀಲದ ತಳದಲ್ಲಿ ಉಳಿದ ಸಜ್ಜೆ, ಸೂರ್ಯಕಾಂತಿ, ಭತ್ತದ ಬೀಜವನ್ನು 'ಹಕ್ಕಿಗಾದರೂ ಆಗಲಿ' ಎಂದು ಪಂಜರಕ್ಕೆ ಹಾಕಬಾರದು. ಕಂಪನಿಯ ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ. ಗುಲಾಬಿ, ಕೆಂಪು, ನೀಲಿ, ಹಸಿರು ಬಣ್ಣ ಹಚ್ಚಿರುವುದೇ ಅದು ವಿಷವೆಂಬ ಎಚ್ಚರಿಕೆಗೆ. ತೊಳೆದರೆ ಹೋಗುವಂಥದಲ್ಲ. ಹುಳ ಬೀಳದಿರಲೆಂದು ಗುಳಿಗೆ ಇಟ್ಟ ಕಾಳಿನದೂ ಇದೇ ಮಾತು. ಹಕ್ಕಿಯ ಕಾಳನ್ನು ಬೇರೆಯೇ ಡಬ್ಬಿಯಲ್ಲಿ, ಒಣಗಿಸಿ, ನಾಲ್ಕು ಬೇವಿನ ಎಲೆ ಹಾಕಿ ಇಟ್ಟುಕೊಂಡರೆ ಸಾಕು.

ಕಾಯಿಪಲ್ಯದ ವಿಷಯದಲ್ಲಿಯೂ ಎಚ್ಚರ ಬೇಕು. ಭತ್ತ, ಹತ್ತಿಗೆ ಔಷಧಿ ಹೊಡೆಯುವ ಕಾಲದಲ್ಲಿ ಬದುವಿನ ಹುಲ್ಲು, ಸೊಪ್ಪು ಕಿತ್ತು ತರಬಾರದು. ಸಂತೆಯಿಂದ ತಂದದ್ದನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಎರಡು ಮೂರು ಸಲ ತೊಳೆದು, ನೀರು ಇಳಿಸಿ ಕೊಡಬೇಕು.

ಪ್ರೀತಿಯ ತುತ್ತು, ತಪ್ಪಾದ ತುತ್ತು

ಮಕ್ಕಳು ತಾವು ತಿಂದದ್ದನ್ನೆಲ್ಲ ಹಕ್ಕಿಗೂ ಕೊಡಬಯಸುತ್ತಾರೆ. ಅದು ಪ್ರೀತಿ. ಆದರೆ ಚಾಕೊಲೇಟ್, ಚಹಾ, ಕಾಫಿ, ಬೆಣ್ಣೆಹಣ್ಣು ಇವು ಬಜಿಗೆ ನೇರ ವಿಷ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಸೇಬಿನ ಬೀಜ ಕೂಡದು. ಹಾಲು-ಅನ್ನ ತಿನ್ನಿಸುವ ರೂಢಿಯೂ ಬೇಡ; ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಸಂಜೆಯ ಮಂಡಾಳ ಒಗ್ಗರಣೆ ಮತ್ತು ಮಿರ್ಚಿಯಲ್ಲಿ ಉಪ್ಪು, ಎಣ್ಣೆ ಹೆಚ್ಚು. ಇಲ್ಲೊಂದು ಸ್ವಾರಸ್ಯವಿದೆ: ಮಿರ್ಚಿಯ ಖಾರದಿಂದ ಹಕ್ಕಿಗೆ ತೊಂದರೆಯಿಲ್ಲ. ಖಾರದ ಉರಿಯನ್ನು ಗುರುತಿಸುವ ನರದ ಗ್ರಾಹಕ ಹಕ್ಕಿಗಳಲ್ಲಿ ಬೇರೆ ರೀತಿಯದಾದ್ದರಿಂದ ಅವುಗಳಿಗೆ ಉರಿ ತಟ್ಟುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಸವಿಯುವುದರ ಗುಟ್ಟು ಇದೇ.

ತಿನಿಸಲ್ಲದಿದ್ದರೂ ಇನ್ನೊಂದು ಮಾತು. ಅಡಿಗೆಮನೆಯ ಅಂಟದ ಲೇಪದ ಬಾಣಲೆ ಖಾಲಿಯಾಗಿ ಅತಿಯಾಗಿ ಕಾದರೆ ಹೊರಡುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಪಂಜರ ಒಲೆಯ ಬಳಿ ಇರಬಾರದು.

ಬೇಸಿಗೆಯ ಬಿಸಿಲು, ಮಾರ್ಚಿಯ ಪರೀಕ್ಷೆ

ಈ ಭಾಗದ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಬಜಿ ಒಣನಾಡಿನ ಹಕ್ಕಿಯಾದರೂ ತವರಿನಲ್ಲಿ ಅದಕ್ಕೆ ನೆರಳಿಗೆ ಹಾರುವ ಸ್ವಾತಂತ್ರ್ಯವಿದೆ, ಪಂಜರದಲ್ಲಿ ಇಲ್ಲ. ನೀರನ್ನು ದಿನಕ್ಕೆ ಎರಡು ಸಲ ಬದಲಿಸಬೇಕು. ಮನೆಯವರು ಕುಡಿಯುವ ನೀರೇ ಹಕ್ಕಿಗೂ ಇರಲಿ. ನೀರಿನ ಬಟ್ಟಲು ಕೂರುವ ಕೋಲಿನ ಕೆಳಗೆ ಇದ್ದರೆ ಹಿಕ್ಕೆ ಬೀಳುತ್ತದೆ, ಬದಿಗಿಡಬೇಕು. ತಪ್ಪಲು, ಹಣ್ಣು, ಮೊಟ್ಟೆಗಳನ್ನು ಎರಡು ತಾಸಿಗಿಂತ ಹೆಚ್ಚು ಹೊತ್ತು ಪಂಜರದಲ್ಲಿ ಬಿಡಬಾರದು. ಬೆಳಗಿನ ಎಳೆಬಿಸಿಲು ಕ್ಯಾಲ್ಸಿಯಂ ಮೈಗೆ ಹತ್ತಿಸುವ 'ಡಿ' ಜೀವಸತ್ವಕ್ಕೆ ಅಗತ್ಯ. ಆದರೆ ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಆ ಪ್ರಯೋಜನವಿಲ್ಲ. ಅರ್ಧ ಪಂಜರಕ್ಕೆ ನೆರಳಿರುವಂತೆ, ಬೆಕ್ಕು ಕಾಗೆಗಳ ಕಾವಲಿನೊಂದಿಗೆ, ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಕು.

ಬಿಸಿಲೇರುವ ಇದೇ ಹೊತ್ತಿಗೆ ಪರೀಕ್ಷೆಗಳೂ ಬರುತ್ತವೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಪುಸ್ತಕದಲ್ಲಿ ಮುಳುಗಿರುವಾಗ ಪಂಜರ ಮರೆತುಹೋಗುವುದು ಸಹಜ. ಇಲ್ಲಿ ಪಾಲಕರ ಪಾತ್ರವಿದೆ. 'ನೀನೇ ಬೇಕೆಂದೆ, ನೀನೇ ನೋಡಿಕೋ' ಎಂದು ಶಿಸ್ತು ಕಲಿಸುವ ಹಟದಲ್ಲಿ ಬೆಲೆ ತೆರುವುದು ಹಕ್ಕಿ. ಮಗುವಿಗೆ ಜವಾಬ್ದಾರಿ ಕಲಿಸಬೇಕು, ನಿಜ. ಆದರೆ ಬಟ್ಟಲಿನ ಮೇಲೆ ಹಿರಿಯರ ಒಂದು ಕಣ್ಣು ದಿನವೂ ಇರಬೇಕು. ಹೊಣೆ ಹಂಚಿಕೊಳ್ಳುವುದನ್ನು ನೋಡಿಯೇ ಮಗು ಹೊಣೆ ಕಲಿಯುತ್ತದೆ.

ಬದಲಾವಣೆ ಮೆಲ್ಲಗಿರಲಿ

ಇದನ್ನು ಓದಿದ ಮರುದಿನವೇ ಹಳೆಯ ಕಾಳನ್ನು ಎಸೆದು ಗಜ್ಜರಿ ಹಾಕಿದರೆ ಹಕ್ಕಿ ಉಪವಾಸ ಬೀಳುತ್ತದೆ. ಬಜಿಗೆ ಹೊಸದೆಂದರೆ ಭಯ. ಎಷ್ಟೋ ಹಕ್ಕಿಗಳಿಗೆ ಸೊಪ್ಪು ತಿನ್ನುವ ವಸ್ತುವೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಬದಲಾವಣೆಗೆ ನಾಲ್ಕರಿಂದ ಎಂಟು ವಾರ ಬೇಕು. ಬೆಳಿಗ್ಗೆ ಹಸಿವಿರುವಾಗ ಒದ್ದೆಯಾದ ಕೊತ್ತಂಬರಿ ಎಸಳನ್ನು ಕೂರುವ ಕೋಲಿನ ಪಕ್ಕ ಸಿಕ್ಕಿಸಬೇಕು. ಸಣ್ಣಗೆ ಹೆಚ್ಚಿದ ತಪ್ಪಲಿನ ಮೇಲೆ ಅದಕ್ಕೆ ಪ್ರಿಯವಾದ ಕಾಳು ಉದುರಿಸಬೇಕು. ಹಿಂಡಿನ ಹಕ್ಕಿಯಾದ್ದರಿಂದ ಇತರರು ತಿನ್ನುವುದನ್ನು ನೋಡಿ ಕಲಿಯುತ್ತದೆ. ಅದರ ಎದುರಿಗೆ ಮಗು ಗಜ್ಜರಿ ಕಚ್ಚಿ ತಿಂದರೆ ಅದೂ ಪಾಠವೇ, ಮಗುವಿಗೂ ಲಾಭವೇ. ಒಂದು ವಾರ ಮುಟ್ಟದಿದ್ದರೂ ಬಿಡದೆ ಇಡುತ್ತಿರಬೇಕು. ಅಲ್ಲಿಯವರೆಗೆ ಹಳೆಯ ಕಾಳು ಅಳತೆಯಲ್ಲಿ ಸಿಗುತ್ತಲೇ ಇರಲಿ.

ಮೊಳಕೆ ಕಾಳು ಈ ದಾರಿಯಲ್ಲಿ ಒಳ್ಳೆಯ ಸೇತುವೆ. ನವಣೆ, ಸಜ್ಜೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತೊಳೆದು ಬಟ್ಟೆಯಲ್ಲಿ ಕಟ್ಟಿ, ಮೊಳಕೆಯ ಬಿಳಿ ತುದಿ ಕಂಡೊಡನೆ ಕೊಡಬೇಕು. ಹುಳಿ ವಾಸನೆ ಬಂದರೆ, ಲೋಳೆಯಾದರೆ ಎಸೆಯಬೇಕು.

ತಕ್ಕಡಿ ಹೇಳುವ ಸತ್ಯ

ಕಾಡಿನಲ್ಲಿ ದುರ್ಬಲವಾಗಿ ಕಂಡ ಹಕ್ಕಿ ಬೇಟೆಗೆ ತುತ್ತಾಗುತ್ತದೆ. ಆದ್ದರಿಂದ ಬಜಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಮನುಷ್ಯರ ಕಣ್ಣಿಗೆ ಕಾಯಿಲೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮೊದಲು ಸುಳಿವು ಕೊಡುವುದು ತೂಕ. ಬೆಳೆದ ಬಜಿ ಸಾಮಾನ್ಯವಾಗಿ 30ರಿಂದ 40 ಗ್ರಾಮ್ ತೂಗುತ್ತದೆ. ಅಡಿಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಚಿಕ್ಕ ಡಬ್ಬಿ ಇಟ್ಟು ವಾರಕ್ಕೊಮ್ಮೆ, ಬೆಳಿಗ್ಗೆ ಕಾಳು ಹಾಕುವ ಮೊದಲು ತೂಗಬೇಕು. ಆಹಾರ ಬದಲಿಸುವ ವಾರಗಳಲ್ಲಿ ದಿನವೂ ತೂಗಬೇಕು. 35 ಗ್ರಾಮಿನ ಹಕ್ಕಿ ಮೂರೂವರೆ ಗ್ರಾಮ್ ಇಳಿದರೆ ಅದು 60 ಕಿಲೋ ತೂಕದ ಮನುಷ್ಯ ಆರು ಕಿಲೋ ಇಳಿದಂತೆ. ಆ ಹಂತಕ್ಕೆ ಬಂದರೆ ಬದಲಾವಣೆ ನಿಲ್ಲಿಸಿ, ಹಳೆಯ ಆಹಾರಕ್ಕೆ ಮರಳಿ, ಪಶುವೈದ್ಯರ ಬಳಿ ಹೋಗಬೇಕು.

ಗರಿ ಕೆದರಿ ಕೂರುವುದು, ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡುವುದು, ಪಂಜರದ ತಳದಲ್ಲಿ ಕೂರುವುದು, ಹಿಕ್ಕೆ ಕಡಿಮೆಯಾಗುವುದು ಅಥವಾ ನೀರಾಗುವುದು ಇವು ಕಂಡಲ್ಲಿ ಮನೆಮದ್ದು ಮಾಡುತ್ತ ದಿನ ಕಳೆಯಬಾರದು. ಮನುಷ್ಯರ ಗುಳಿಗೆ ಪುಡಿ ಮಾಡಿ ಹಾಕುವುದಂತೂ ಅಪಾಯ.

ಈ ತೂಕದ ದಾಖಲೆ ವಿದ್ಯಾರ್ಥಿಗಳಿಗೆ ಒಳ್ಳೆಯ ವಿಜ್ಞಾನ ಯೋಜನೆಯೂ ಆಗಬಲ್ಲದು. ನೋಟ್‌ಬುಕ್ಕಿನ ಹಾಳೆಯಲ್ಲಿ ತಾರೀಖು, ತೂಕ, ಕೊಟ್ಟ ಕಾಳು, ಉಳಿದ ಕಾಳು, ತಿಂದ ತಪ್ಪಲು ಎಂದು ಐದು ಮನೆ ಎಳೆದು ತುಂಬಿಸುತ್ತ ಹೋಗಲಿ. ಎರಡು ತಿಂಗಳ ಅಂಕಿಗಳಿಂದ ನಕ್ಷೆ ಬಿಡಿಸಲಿ. ವೈದ್ಯರ ಬಳಿ ಹೋಗುವ ಸಂದರ್ಭ ಬಂದರೆ ಈ ಒಂದು ಹಾಳೆ ನೂರು ಪ್ರಶ್ನೆಗೆ ಉತ್ತರ ಹೇಳುತ್ತದೆ.

ಮಸ್ಕಿಯ ಬಂಡೆಯ ನೆನಪು

ಕೊನೆಗೊಂದು ಕಾನೂನಿನ ಮಾತು. ಹೊಲದಲ್ಲಿ, ಮರದ ಪೊಟರೆಯಲ್ಲಿ ಸಿಗುವ ಊರಿನ ಗಿಳಿಮರಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಜಿ ಹೊರದೇಶದ ಮೂಲದ, ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದ ಹಕ್ಕಿಯಾದ್ದರಿಂದ ಅದಕ್ಕೆ ಈ ನಿಷೇಧವಿಲ್ಲ. ಹಾಗೆಂದು ಬೇಸರವಾದಾಗ 'ಸ್ವಾತಂತ್ರ್ಯ' ಕೊಡುತ್ತೇವೆಂದು ಅದನ್ನು ಹೊರಗೆ ಹಾರಿಬಿಡುವುದು ದಯೆಯಲ್ಲ. ಕಾಳು ಹುಡುಕಲು, ಹದ್ದು ಕಾಗೆಗಳಿಂದ ತಪ್ಪಿಸಿಕೊಳ್ಳಲು ತಿಳಿಯದ ಆ ಹಕ್ಕಿ ಬಹುಕಾಲ ಉಳಿಯುವುದಿಲ್ಲ.

ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದ ಶಾಸನವನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿ ಇತಿಹಾಸಕಾರರ ದೊಡ್ಡ ಸಂದೇಹ ನಿವಾರಿಸಿದ ಬಂಡೆ ಅದು. ಅದೇ ಅರಸ ಉತ್ತರ ಭಾರತದಲ್ಲಿ ನಿಲ್ಲಿಸಿದ ಕಂಬಗಳ ಮೇಲಿನ ಐದನೆಯ ಶಾಸನದಲ್ಲಿ, ಪಟ್ಟಾಭಿಷೇಕವಾಗಿ 26 ವರ್ಷ ಕಳೆದಾಗ ಕೊಲ್ಲಬಾರದೆಂದು ಸಾರಿದ ಪ್ರಾಣಿಗಳ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಹೆಸರು ಗಿಳಿಯದು. ಅರಸನಿಗೆ ಆಜ್ಞೆ ಹೊರಡಿಸಿದರೆ ಮುಗಿಯಿತು. ಪಂಜರದ ಗಿಳಿಯನ್ನು ಮನೆಗೆ ತಂದವರ ಕೆಲಸ ಪ್ರತಿದಿನದ್ದು: ಬೆಳಿಗ್ಗೆ ಎದ್ದು ಬಟ್ಟಲಿನ ಹೊಟ್ಟು ಊದುವುದು, ನೀರು ಬದಲಿಸುವುದು, ಒಂದು ಎಸಳು ನುಗ್ಗೆ ತಪ್ಪಲು ಸಿಕ್ಕಿಸುವುದು. ಐದು ನಿಮಿಷದ ಈ ಕೆಲಸಕ್ಕೆ ಪುರುಸೊತ್ತಿದೆಯೇ ಎಂದು ಮನೆಮಂದಿಯೆಲ್ಲ ಕೂತು ಮಾತಾಡಿಕೊಂಡ ಮೇಲೆಯೇ ಪಂಜರ ಕೊಳ್ಳಲು ಹೊರಡುವುದು ಲೇಸು.